ಅತ್ತೆ ಮುಟ್ಟದ ಕಲ್ಲು

ನನ್ನ ಅತ್ತೆಯವರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಯಾವಾಗಲೂ ನೀಲಿಯಾಗಿರುತ್ತಿದ್ದವು. ನಿಂಬೆಹೋಳು ತಿಕ್ಕಿದರೂ ಆ ನೀಲಿ ಬಿಡುತ್ತಿರಲಿಲ್ಲ. ರಾಮದುರ್ಗದ ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದವರು, ಆದರೆ ಕಾರ್ಬನ್ ಹಾಳೆಯನ್ನು ಮಾತ್ರ ಬಿಟ್ಟಿರಲಿಲ್ಲ. ಹಾಲಿನವನಿಗೆ ಬರೆದ ಚೀಟಿ, ನಳಕ್ಕೆ ನೀರು ಬರದಿದ್ದಕ್ಕೆ ಬರೆದ ಅರ್ಜಿ, ಮಗಳಿಗೆ ಬರೆದ ಕಾಗದ, ಎಲ್ಲದಕ್ಕೂ ಒಂದು ನಕಲು ಇರಬೇಕು. ಓದುವಾಗ ಸಾಲಿನ ಕೆಳಗೆ ಕಟ್ಟಿಗೆಯ ಅಡಿಪಟ್ಟಿ ಇಟ್ಟುಕೊಳ್ಳುತ್ತಿದ್ದರು. ಒಂದು ಸಾಲು ಪೂರ್ತಿ ಆಗದೆ ಪಟ್ಟಿ ಕೆಳಗೆ ಸರಿಯುತ್ತಿರಲಿಲ್ಲ. ಅವರು ಪತ್ರಿಕೆ ಓದಲು ಕೂತರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಹಾಳೆಯ ಮೇಲೆ ಆ ಪಟ್ಟಿ ಸರಿಯುವ ಸಪ್ಪಳ ಕೇಳಿದರೇ ನನಗೆ ಸಿಟ್ಟು ಬರುತ್ತಿತ್ತು.

ಅವರಿಗೆ ನಾನು ಸೇರುತ್ತಿರಲಿಲ್ಲ, ನನಗೆ ಅವರು ಸೇರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತೀರಿಹೋದವರ ಬಗ್ಗೆ ಬರೆಯುವಾಗ ಮನಸ್ಸು ತಾನಾಗಿ ಮೆತ್ತಗಾಗಿ ಏನೇನೋ ಸೇರಿಸುತ್ತದೆ.

ಅವರ ಗಂಡ ಅದೇ ಕೋರ್ಟಿನಲ್ಲಿ ಸಮನ್ಸು ಜಾರಿ ಮಾಡುವ ಕೆಲಸದಲ್ಲಿದ್ದರು. ಚಿಕ್ಕ ವಯಸ್ಸಿನಲ್ಲೇ ಹೋದರು. ಕೆಲಸ ಹೆಂಡತಿಗೆ ಬಂತು. ಮೂವತ್ತು ದಾಟಿದ ಮೇಲೆ ಬೆರಳಚ್ಚು ಕಲಿತು, ಒಬ್ಬಳೇ ಮಗಳನ್ನು ಎಂ.ಎಸ್ಸಿ. ತನಕ ಓದಿಸಿದರು. ಆ ಮಗಳು ಬೈಲಹೊಂಗಲದ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ, ಆ ಶಾಲೆಯ ಜನರೇಟರ್ ರಿಪೇರಿಗೆ ಹೋದ ನಾನು ಅವಳ ಪರಿಚಯ ಮಾಡಿಕೊಂಡೆ. ನಾನು ಮುರಗೋಡದವನು. ಐಟಿಐ ಮಾಡಿ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಡೀಸೆಲ್ ಮೆಕ್ಯಾನಿಕ್ ಆಗಿದ್ದೆ.

ಮಾತುಕತೆಗೆಂದು ರಾಮದುರ್ಗಕ್ಕೆ ಹೋದ ದಿನ ಅವರು ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ.

“ಏನ್ ಓದೀರಿ?”

“ಐಟಿಐ ರಿ.”

“ಆಮ್ಯಾಲ?”

“ಆಮ್ಯಾಲ ಕೆಲಸರಿ.”

“ನನ್ನ ಮಗಳು ಎಂ.ಎಸ್ಸಿ. ಮಾಡ್ಯಾಳ,” ಎಂದು ಎದ್ದು ಒಳಗೆ ಹೋದರು. ನಮ್ಮಪ್ಪ ಕೈಯಲ್ಲಿ ಚಹಾದ ಕಪ್ಪು ಹಿಡಿದು ಕೂತಿದ್ದವನು ಅದನ್ನು ಕುಡಿಯಬೇಕೋ ಇಡಬೇಕೋ ತಿಳಿಯದೆ ನನ್ನ ಮುಖ ನೋಡಿದ. ಮಗಳು ಹಟ ಹಿಡಿದಿದ್ದಕ್ಕೆ ಮದುವೆ ಆಯಿತು. ಅತ್ತೆಯವರು ಮಾತ್ರ ನನ್ನನ್ನು ಒಮ್ಮೆಯೂ ಅಳಿಯ ಅನ್ನಲಿಲ್ಲ. ಬೇರೆಯವರ ಮುಂದೆ “ನಮ್ಮ ಹುಡುಗಿ ಮನಿಯವರು” ಅನ್ನುತ್ತಿದ್ದರು. ಬೈಲಹೊಂಗಲದ ನಮ್ಮ ಮನೆಗೆ ಬಂದರೆ ನೀರು ಸಹ ಕುಡಿಯುತ್ತಿರಲಿಲ್ಲ. ಬಾಟಲಿ ತಂದಿರುತ್ತಿದ್ದರು.

ದಕ್ಷಿಣ ಧ್ರುವದ ಕಡೆಗೆ, ಅಂಟಾರ್ಕ್ಟಿಕಾದಲ್ಲಿರುವ ನಮ್ಮ ದೇಶದ ಸಂಶೋಧನಾ ನೆಲೆಗೆ, ಪ್ರತಿ ವರ್ಷ ವಿಜ್ಞಾನಿಗಳ ಜೊತೆ ಅಡಿಗೆಯವರು, ವೈದ್ಯರು, ಮೆಕ್ಯಾನಿಕ್‌ಗಳೂ ಹೋಗುತ್ತಾರೆ. ಅಲ್ಲಿ ಜನರೇಟರ್ ನಿಂತರೆ ಮನುಷ್ಯರೂ ನಿಂತ ಹಾಗೆ. ಹೆಂಡತಿ ಪತ್ರಿಕೆಯಲ್ಲಿ ಜಾಹೀರಾತು ನೋಡಿ ನನ್ನಿಂದ ಅರ್ಜಿ ಹಾಕಿಸಿದಳು. ನಾನು ಆಯ್ಕೆಯಾದೆ. ಊರೆಲ್ಲ ಸಂತೋಷಪಟ್ಟಿತು. ಅತ್ತೆಯವರು ಕೇಳಿದರು:

“ಅಲ್ಲೆ ಯಾವ ಕಾಯ್ದೆ ನಡೀತೈತಿ?”

ನಾನು ನಕ್ಕೆ. “ಅದು ಯಾರ ದೇಶಾನೂ ಅಲ್ರಿ ಅತ್ತಿಯವರ. ಬರೇ ಬರಫು. ಅಲ್ಲೆ ಎಲ್ಲೀ ಕಾಯ್ದೆ?”

ಅವರು ನಗಲಿಲ್ಲ. ಮುಂದಿನ ವಾರ ಹೋದಾಗ ಮೇಜಿನ ಮೇಲೆ ದಾರದಿಂದ ಹೊಲಿದ ಹಾಳೆಗಳ ಒಂದು ಕಟ್ಟು ಇತ್ತು. ಎರಡು ಸಾವಿರದ ಇಪ್ಪತ್ತೆರಡರಲ್ಲಿ ಸಂಸತ್ತು ಮಾಡಿದ ಭಾರತೀಯ ಅಂಟಾರ್ಕ್ಟಿಕ ಕಾಯ್ದೆ. ಝೆರಾಕ್ಸ್ ಅಂಗಡಿಯವನಿಂದ ಇಂಟರ್‌ನೆಟ್ಟಿನಲ್ಲಿ ಹುಡುಕಿಸಿ, ಅಚ್ಚು ಹಾಕಿಸಿ, ಪೂರ್ತಿ ಓದಿದ್ದರು. ಅಂಚಿನಲ್ಲಿ ಪೆನ್ಸಿಲ್ ಗುರುತು, ಅಲ್ಲಲ್ಲಿ ಬೆರಳಿನ ನೀಲಿ.

“ಯಾರ ದೇಶಾನೂ ಅಲ್ಲ, ಖರೆ. ಆದ್ರ ಇಲ್ಲಿಂದ ಹೋಗೂ ಮಂದಿಗೆ ಇಲ್ಲಿ ಕಾಯ್ದೆ ಬೆನ್ನ ಹತ್ತಿ ಬರತೈತಿ. ಓದಿ ಹೋಗ್ರಿ,” ಎಂದು ನನ್ನ ಕಡೆ ತಳ್ಳಿದರು.

ಹೋಗಿ ಬರುವವನಿಗೆ ಬೇರೆಯವರು ಸ್ವೆಟರ್, ಟೊಪ್ಪಿಗೆ, ಚಟ್ನಿಪುಡಿ ಕೊಟ್ಟರು. ಅತ್ತೆ ಕೊಟ್ಟದ್ದು ಕಾಯ್ದೆ. ನಾನು ಅದನ್ನು ಬೈಲಹೊಂಗಲದ ಮನೆಯ ಟ್ರಂಕಿನಲ್ಲಿ ಹಾಕಿ ಹೋದೆ. ಓದಲಿಲ್ಲ.

ಓದದಿದ್ದರೂ ಆ ಕಾಯ್ದೆ ಏನೆಂದು ಹೊರಡುವ ಮೊದಲೇ ಗೊತ್ತಾಯಿತು. ನನ್ನ ಬೂಟಿನ ಅಡಿಯ ಸಂದಿಯಲ್ಲಿ ಬೈಲಹೊಂಗಲದ ಕರಿಮಣ್ಣು ಒಣಗಿ ಕೂತಿತ್ತು. ಅದನ್ನು ಕಡ್ಡಿಯಿಂದ ಕೆದರಿ ತೆಗೆಸಿದರು. ಜೇಬುಗಳನ್ನು ಹೊರಳಿಸಿ ಹುಲ್ಲಿನ ಬೀಜ ಇವೆಯೇ ಎಂದು ನೋಡಿದರು. ಅಲ್ಲಿಗೆ ಹೊರಗಿನ ಒಂದು ಬೀಜ ಸಹ ಹೋಗಬಾರದು. ಅಲ್ಲಿಂದಲೂ ಪರವಾನಗಿ ಇಲ್ಲದೆ ಏನೂ ಬರಬಾರದು. “ಒಂದು ಹರಳು ಕೂಡ ಎತ್ತಬೇಡಿ. ಹಕ್ಕಿಗೆ ಒಂದು ತುಣುಕು ರೊಟ್ಟಿ ಕೂಡ ಹಾಕಬೇಡಿ,” ಎಂದು ತರಬೇತಿಯಲ್ಲಿ ಮೂರು ಸಲ ಹೇಳಿದರು. ನೆಲೆಯಲ್ಲಿ ನಾನು ಎಣ್ಣೆ ತುಂಬುವಾಗ ಕೆಳಗೆ ಬಟ್ಟೆ ಹಾಸಬೇಕಿತ್ತು. ಒಂದು ಹನಿ ಬಿದ್ದರೂ ಆ ಬರಫನ್ನು ಕೆತ್ತಿ ಡಬ್ಬದಲ್ಲಿ ತುಂಬಿ, ಚೀಟಿ ಅಂಟಿಸಿ, ಹಿಂದಕ್ಕೆ ಒಯ್ಯುವ ಹಡಗು ಬರುವ ತನಕ ಕಾಯ್ದಿಡಬೇಕು. ಕಾರ್ಖಾನೆಯಲ್ಲಿ ಡಬ್ಬಗಟ್ಟಲೆ ಎಣ್ಣೆ ನೆಲಕ್ಕೆ ಚೆಲ್ಲಿ ಮೇಲೆ ಮಣ್ಣು ಎಳೆದವನು ನಾನು. ಮೊದಲ ತಿಂಗಳು ನಗು ಬಂತು. ಆಮೇಲೆ ನಗು ನಿಂತಿತು, ರೂಢಿಯಾಯಿತು.

ಅಷ್ಟು ರೂಢಿಯಾದ ಮೇಲೂ ನಾನು ಕದ್ದೆ.

ಚಳಿಗಾಲ ಕಳೆದು ಸೂರ್ಯ ಮರಳಿದ್ದ. ನೆಲೆಯ ಹತ್ತಿರ ಕಲ್ಲಿನ ದಿಬ್ಬಗಳಿವೆ, ನಡುವೆ ಸಣ್ಣ ಸಣ್ಣ ಕೆರೆಗಳು. ಒಂದು ಕೆರೆಯಿಂದ ನೀರೆತ್ತುವ ಪಂಪು ಕೆಟ್ಟಿತ್ತು. ಅದನ್ನು ಬಿಚ್ಚುತ್ತ ಕೂತಾಗ ಮೊಳಕಾಲಿನ ಹತ್ತಿರ ಒಂದು ಕಲ್ಲು ಕಂಡಿತು. ಕೋಳಿಮೊಟ್ಟೆಯಷ್ಟು. ಬೂದುಬಣ್ಣದ ಮೈತುಂಬ ದಾಳಿಂಬೆಕಾಳಿನ ಹಾಗೆ ಕೆಂಪು ಹರಳು. ಜೊತೆಗಿದ್ದವನು ಬೆನ್ನು ತಿರುಗಿಸಿದ್ದ. ಕಲ್ಲು ನನ್ನ ಕೈಗವಸಿನೊಳಗೆ ಹೋಯಿತು. ಎತ್ತಿದ ಕ್ಷಣ ನನ್ನ ಕಣ್ಣಮುಂದೆ ಬಂದದ್ದು ಹೆಂಡತಿ ಅಲ್ಲ, ನಮ್ಮಪ್ಪ ಅಲ್ಲ. ರಾಮದುರ್ಗದ ಮನೆಯ ಆ ಮೇಜು, ಅದರ ಆಚೆ ಕೂತ ಅತ್ತೆ.

ಮರಳಿ ಬಂದಾಗ ಮುರಗೋಡದಲ್ಲಿ ಶಾಲು ಹೊದಿಸಿದರು. ಕಲ್ಲನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಕೆಲವರು ಕಣ್ಣಿಗೆ ಒತ್ತಿಕೊಂಡರು. ಬೈಲಹೊಂಗಲದ ಒಬ್ಬ ಬಂಗಾರದಂಗಡಿಯವರು ಹರಳುಗಳನ್ನು ಬಿಡಿಸಿ ಕೊಟ್ಟರೆ ಉಂಗುರ ಮಾಡಿಸುತ್ತೇನೆಂದರು. ನಾನು ಇಲ್ಲ ಅನ್ನಲಿಲ್ಲ, ನೋಡೋಣ ಅಂದೆ.

ಆ ವಾರವೇ ರಾಮದುರ್ಗಕ್ಕೆ ಹೋದೆವು. ಅತ್ತೆಯವರ ತಮ್ಮ, ಅವರ ಮನೆಯವರು, ಇನ್ನೂ ನಾಲ್ಕೈದು ಮಂದಿ ನನ್ನನ್ನು ನೋಡಲೆಂದೇ ಬಂದಿದ್ದರು. ಊಟ ಆದ ಮೇಲೆ ನಾನು ಕಲ್ಲನ್ನು ತೆಗೆದು ಅತ್ತೆಯವರ ಮುಂದೆ ಮೇಜಿನ ಮೇಲೆ ಇಟ್ಟೆ. ಬೇರೆ ಮಾತು ಬೇಕಿಲ್ಲ ಅನಿಸಿತ್ತು.

ಅವರು ಅದನ್ನು ಮುಟ್ಟಲಿಲ್ಲ. ಕೈ ಹಿಂದಕ್ಕೆ ಎಳೆದುಕೊಂಡರು.

“ಪರವಾನಗಿ ಎಲ್ಲೈತಿ?”

“ಅತ್ತಿಯವರ, ಇದು ಒಂದ ಕಲ್ಲರಿ.”

“ಕಲ್ಲು ಅನ್ನೂದು ಕಾಣತೈತಿ. ಪರವಾನಗಿ ಕೇಳಿದೆ.”

ತಮ್ಮನವರು ಸಮಾಧಾನಕ್ಕೆ ಬಂದರು. “ಅಕ್ಕಾ, ಬಿಡs ಅತ್ತ. ಅಷ್ಟು ದೂರದಿಂದ ತಂದಾರ.”

“ದೂರದಿಂದ ತಂದ್ರ ಕಳವು ಕಳವು ಅಲ್ಲೇನು?” ಎಂದು ತಮ್ಮನನ್ನು ಕೇಳಿ ನನ್ನ ಕಡೆ ತಿರುಗಿದರು. “ಪರವಾನಗಿ ಇಲ್ಲದ ತರೂದೂ ತಪ್ಪು, ಇಟಗೊಳ್ಳೂದೂ ತಪ್ಪು, ಕೊಡೂದೂ ತಪ್ಪು, ಮಾರೂದೂ ತಪ್ಪು. ನಿಮಗ ಪ್ರತಿ ಕೊಟ್ಟಿದ್ದೆ.”

ನಾನು ಕಲ್ಲನ್ನು ಇನ್ನಷ್ಟು ಮುಂದೆ ಸರಿಸಿದೆ. “ಅಷ್ಟು ದೊಡ್ಡ ಖಂಡಕ್ಕ ಒಂದ ತತ್ತಿಯಷ್ಟು ಕಲ್ಲು ಹೋದ್ರ ಏನ್ ಕಡಿಮಿ ಆಗತೈತ್ರಿ?”

“ನನ್ನ ತವರೂರಾಗ ರಾಜರ ಕಾಲದ ಕ್ವಾಟಿ ಐತಿ. ಹೋಗಿ ನೋಡ್ರಿ. ಎಲ್ಲಾರೂ ಹಿಂಗs ಅಂದಾರ. ನಮ್ಮಪ್ಪ ಹಿತ್ತಲ ಮೆಟ್ಟಲಕ್ಕ ಅದರಾಗಿನ ಎರಡ ಕಲ್ಲು ತಂದ. ಅವನೂ ಹಿಂಗs ಅಂದಿದ್ದ. ಈಗ ಕ್ವಾಟಿಗೆ ಒಂದ ಕಡೆ ಗ್ವಾಡಿನ ಇಲ್ಲ.” ಆಮೇಲೆ ಎದ್ದು ನಿಂತು ಹೇಳಿದರು: “ಎಂಟ ದಿನ ಕೊಡತೇನಿ. ನೀವಾಗೇ ನಿಮ್ಮನ್ನ ಕಳಿಸಿದ ಕಚೇರಿಗೆ ಬರೀರಿ. ಇಲ್ಲಾಂದ್ರ ನಾನು ಬರೀತೇನಿ.”

ತಮ್ಮನವರ ಹೆಂಡತಿ ತಾಟುಗಳನ್ನು ಎತ್ತತೊಡಗಿದರು. ನಾನು ಕಲ್ಲು ಜೇಬಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಹೆಂಡತಿಗೂ ಕಾಯದೆ ಬಸ್‌ಸ್ಟ್ಯಾಂಡಿಗೆ ನಡೆದೆ.

ಆ ಎಂಟು ದಿನ ನಮ್ಮ ಮನೆಯಲ್ಲಿ ನಡೆದ ಜಗಳ ನೆನೆಸಿಕೊಳ್ಳಲು ಈಗಲೂ ಮನಸ್ಸಾಗುವುದಿಲ್ಲ. “ನಿಮ್ಮವ್ವಗ ಕಾಯ್ದೆ ಬೇಕಾಗಿಲ್ಲ, ನನ್ನ ಮಾನ ತಗೀಬೇಕಾಗೈತಿ,” ಅಂದೆ. ಹೆಂಡತಿ ಒಂದು ದಿನ ತಾಯಿಯ ಪರ ಮಾತಾಡಿದಳು, ಒಂದು ದಿನ ನನ್ನ ಪರ, ಒಂದು ದಿನ ಇಬ್ಬರ ಮೇಲೂ ಸಿಟ್ಟಾಗಿ ಅಡಿಗೆಯನ್ನೇ ಮಾಡಲಿಲ್ಲ. ಮುಂದಿನ ತಂಡದ ಪಟ್ಟಿಯಲ್ಲಿ ನನ್ನ ಹೆಸರು ಆಗಲೇ ಇತ್ತು. ಬರೆದರೆ ಅದು ಹೋಗುತ್ತದೆ. ಕಾಯ್ದೆಯಲ್ಲಿ ಜೈಲೂ ಇದೆ, ದಂಡವೂ ಇದೆ ಎಂದು ಟ್ರಂಕಿನಿಂದ ಆ ಕಟ್ಟು ತೆಗೆದು ಕೊನೆಗೂ ಓದಿದಾಗ ಗೊತ್ತಾಯಿತು. ಏಳನೆಯ ದಿನ ಬಂಗಾರದಂಗಡಿಯವರಿಗೆ ಫೋನು ಮಾಡಿದೆ. ನಾಳೆ ತರುತ್ತೇನೆ ಅಂದೆ. ಹರಳು ಬಿಡಿಸಿದ ಮೇಲೆ ಅದು ಎಲ್ಲಿಯದೆಂದು ಯಾರು ಹೇಳುತ್ತಾರೆ?

ಎಂಟನೆಯ ದಿನ ಮುಂಜಾನೆ, ನಾನು ಅಂಗಿ ಹಾಕಿಕೊಳ್ಳುತ್ತಿರುವಾಗ, ಅತ್ತೆಯವರು ಬಾಗಿಲಲ್ಲಿ ನಿಂತಿದ್ದರು. ಸವದತ್ತಿಯಲ್ಲಿ ಬಸ್ಸು ಬದಲಿಸಿ ಬಂದಿದ್ದರು. ಕೈಚೀಲದಲ್ಲಿ ಬಿಳಿ ಹಾಳೆ, ಕಾರ್ಬನ್, ಅಡಿಪಟ್ಟಿ, ನೀರಿನ ಬಾಟಲಿ.

“ಬರದೀರೇನು?”

“ಇಲ್ರಿ.”

“ಕುಂದ್ರಿ. ಬರೀರಿ.”

ಯಾಕೆ ಕೂತೆನೋ ಗೊತ್ತಿಲ್ಲ. ಹೊರಗೆ ಹೋಗಬಹುದಿತ್ತು. ಬಾಗಿಲು ತೆರೆದೇ ಇತ್ತು. ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಬಹುಶಃ ಅದಕ್ಕೇ ಕೂತೆ.

“ನಾನು ಅರಿವಿಲ್ಲದೆ” ಎಂದು ಶುರುಮಾಡಿದೆ. ಪಟ್ಟಿ ಬಂದು ಆ ಸಾಲಿನ ಕೆಳಗೆ ಕೂತಿತು.

“ಅರಿವಿಲ್ಲದೆ ಅನ್ನೂದು ತಗೀರಿ. ತರಬೇತ್ಯಾಗ ಏನ್ ಹೇಳಿದ್ರು?”

“ಒಂದ ಹರಳ ಸೈತ ಎತ್ತಬ್ಯಾಡ್ರಿ ಅಂದಿದ್ರು.”

“ಮತ್ತ? ಅರಿವಿತ್ತು.”

ಹೊಸ ಹಾಳೆ. “ಒಂದು ಸಣ್ಣ ಕಲ್ಲನ್ನು” ಎಂದು ಬರೆದೆ.

“ಸಣ್ಣ ತಗೀರಿ. ಸಣ್ಣದೋ ದೊಡ್ಡದೋ ಅವರು ನೋಡ್ತಾರ. ತೂಕ ಬರೀರಿ.” ಹೆಂಡತಿ ಎದುರಿನ ಕಿರಾಣಿ ಅಂಗಡಿಗೆ ಹೋಗಿ ತೂಕ ಮಾಡಿಸಿಕೊಂಡು ಬಂದಳು. ಎಲ್ಲಿಂದ ಎತ್ತಿದೆ ಎಂಬುದನ್ನೂ ಕೇಳಿದರು. ಯಾವ ಕೆರೆ, ಯಾವ ದಂಡೆ, ಪಂಪಿನಿಂದ ಎಷ್ಟು ಹೆಜ್ಜೆ. “ತಿರುಗಿ ಅಲ್ಲೇ ಇಡಬೇಕಂದ್ರ ಅವರಿಗೆ ಗೊತ್ತಾಗಬೇಕಲ್ಲ,” ಅಂದರು. ಬೇರೆಯವರೂ ಕಲ್ಲು ತಂದಿದ್ದಾರೆ ಎಂದು ಬರೆಯಹೊರಟೆ. “ಅವರ ಪತ್ರ ಅವರು ಬರೀತಾರ,” ಎಂದು ಅದನ್ನೂ ಹೊಡೆದುಹಾಕಿದರು.

“ನೆನಪಿಗಾಗಿ ತಂದೆ” ಎಂದು ಬರೆದಾಗ ಪಟ್ಟಿ ಮತ್ತೆ ನಿಂತಿತು.

“ಯಾರ ನೆನಪಿಗೆ?”

ನನಗೆ ಸಾಕಾಗಿತ್ತು. ಪೆನ್ನು ಇಟ್ಟೆ. “ನಿಮ್ಮ ಮುಂದ ಇಡಬೇಕಂತ ತಂದೇನ್ರಿ. ಒಮ್ಮಿಯರೆ ನೀವು ನನ್ನ ಮನಶ್ಯಾ ಅಂತ ನೋಡ್ರಿ ಅಂತ.”

ಅಡಿಗೆಮನೆಯಲ್ಲಿ ಹಾಲು ಉಕ್ಕಿತು. ಯಾರೂ ಹೋಗಿ ಇಳಿಸಲಿಲ್ಲ. ಅತ್ತೆಯವರು ಪಟ್ಟಿಯನ್ನು ಆ ಸಾಲಿನಿಂದ ತೆಗೆದರು.

“ಅದನ್ನ ಬರೀಬ್ಯಾಡ್ರಿ,” ಅಂದರು. “ಅದಕ್ಕೂ ಕಾಯ್ದೆಗೂ ಸಂಬಂಧ ಇಲ್ಲ. ಮನಿಯವರಿಗೆ ತೋರಸಾಕ ತಂದೆ ಅಂತ ಬರೀರಿ. ಅದು ಖರೆ ಐತಿ.”

ಕೊನೆಗೆ “ದಯವಿಟ್ಟು ಕ್ಷಮಿಸಬೇಕು” ಎಂದು ಸೇರಿಸಿದೆ. ಅದನ್ನೂ ಬಿಡಲಿಲ್ಲ. “ಕ್ಷಮಾ ಮಾಡೂದು ಬಿಡೂದು ಅವರಿಗೆ ಬಿಟ್ಟದ್ದು. ನೀವು ಕೇಳಿದ್ರ ಪತ್ರ ನಿಮ್ಮ ಸಲುವಾಗಿ ಆಗತೈತಿ. ಈಗ ಅದು ಕಲ್ಲಿನ ಸಲುವಾಗಿ ಐತಿ.”

ಉಳಿದದ್ದು ನಾಲ್ಕು ಸಾಲು. ಸಹಿ ಹಾಕಿದೆ. ಅವರು ನಕಲು ಮಡಚಿ ಚೀಲದಲ್ಲಿ ಇಟ್ಟುಕೊಂಡು ಎದ್ದರು. ನಾನು ಇನ್ನೂ ಸಿಟ್ಟಿನಲ್ಲಿದ್ದೆ. “ನಿಮ್ಮ ಮನಸ್ಸಿನಂಗ ಆತಲ್ರಿ,” ಅಂದೆ.

“ನಿಮ್ಮ ಸಲುವಾಗಿ ನಾನು ಬಂದಿಲ್ಲ. ನನ್ನ ಮಗಳ ಮನ್ಯಾಗ ಕಳವಿನ ಮಾಲು ಇರಬಾರದು,” ಎಂದು ತಮ್ಮ ಬಾಟಲಿಯ ನೀರು ಕುಡಿದು ಹೊರಟರು. ಆ ದಿನವೇ ಕಲ್ಲು, ಪತ್ರ ಎರಡನ್ನೂ ರಿಜಿಸ್ಟರ್ ಮಾಡಿ ಕಳಿಸಿದೆ.

ತಿಂಗಳಾದ ಮೇಲೆ ಆ ಕಚೇರಿಯಿಂದ ಕರೆ ಬಂತು, ಹೋದೆ. ಮೇಜಿನ ಆಚೆ ಒಬ್ಬ ಅಧಿಕಾರಿಣಿ ಇದ್ದರು. ನನ್ನ ಪತ್ರ ಅವರ ಮುಂದೆಯೇ ಇತ್ತು. ಬರುವ ಪತ್ರಗಳಲ್ಲಿ ತಪ್ಪಿಗಿಂತ ಸಬೂಬೇ ಉದ್ದ ಇರುತ್ತದೆ, ಇದರಲ್ಲಿ ಒಂದೂ ಇಲ್ಲ ಎಂದು ಹಿಂದಿಯಲ್ಲಿ ಹೇಳಿದರು. ಆಮೇಲೆ ಕೇಳಿದರು: “ಯಾರಾದರೂ ವಕೀಲರು ಬರೆಸಿದರೇ? ಯಾರಾದರೂ ಒತ್ತಾಯ ಮಾಡಿದರೇ?”

“ಇಲ್ಲ ಮೇಡಂ. ನಾನೇ ಬರೆದೆ. ಮನಸ್ಸು ತಡೆಯಲಿಲ್ಲ,” ಅಂದೆ.

ತಾನಾಗಿಯೇ ಒಪ್ಪಿಕೊಂಡು ಕಲ್ಲು ಮರಳಿಸಿದ್ದಾನೆ ಎಂದು ಕಡತದಲ್ಲಿ ಬರೆದರು. ಅದಕ್ಕಾಗಿಯೇ ಮೊಕದ್ದಮೆ ಬೇಡ, ಎಚ್ಚರಿಕೆ ಸಾಕು, ಮುಂದಿನ ತಂಡದಿಂದ ಹೆಸರು ತೆಗೆದರೆ ಆಯಿತು ಎಂದು ನಿರ್ಣಯ ಆಯಿತು. ಜೈಲು ತಪ್ಪಿತು. ನನಗೆ ಆಗ ಕಂಡದ್ದು ತಪ್ಪಿದ ಜೈಲಲ್ಲ, ತಪ್ಪಿದ ಪ್ರವಾಸ. ಅದಕ್ಕೆ ಕಾರಣ ಅತ್ತೆ ಎಂದು ಸಿಕ್ಕವರಿಗೆಲ್ಲ ಹೇಳಿದೆ. ಒಂದೂವರೆ ವರ್ಷ ಅವರ ಜೊತೆ ಮಾತಾಡಲಿಲ್ಲ. ಹಬ್ಬಕ್ಕೆ ಹೋದರೆ ಹೊರಗಿನ ಕಟ್ಟೆಯ ಮೇಲೆ ಕೂತು, ಊಟ ಮಾಡಿ, ಅಲ್ಲಿಂದಲೇ ತಿರುಗಿ ಬರುತ್ತಿದ್ದೆ.

ಅವರ ಎರಡೂ ಮೂತ್ರಪಿಂಡ ಕೈಕೊಟ್ಟಾಗ ಹೆಂಡತಿ ರಜೆ ಹಾಕಿ ರಾಮದುರ್ಗದಲ್ಲಿ ಉಳಿದಳು. ನಾನು ರವಿವಾರ ಹೋಗುತ್ತಿದ್ದೆ. ಒಂದು ರವಿವಾರ ಹೆಂಡತಿ ಔಷಧ ತರಲು ಹೋಗಿದ್ದಳು. ಅತ್ತೆಯವರು ಕಣ್ಣು ಮುಚ್ಚಿಯೇ ಕೇಳಿದರು:

“ಕಚೇರ್ಯಾಗ ಏನ್ ಕೇಳಿದ್ರು?”

ಅಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಅವತ್ತು ಹೇಳಿದೆ. “ಯಾರರೆ ಬರಸ್ಯಾರೇನು ಅಂತ ಕೇಳಿದ್ರು. ನಾನs ಬರದೇನಿ ಅಂದೇನ್ರಿ.”

ಅವರು ಕಣ್ಣು ತೆರೆದರು. ನೋವಾಯಿತೇನೋ ಅಂದುಕೊಂಡೆ. ಅದು ನೋವಲ್ಲ. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು.

“ಅಂದ್ರ ಅವರ ಕಡತದಾಗ ಸುಳ್ಳ ಐತಿ. ತಿದ್ದಸ್ರಿ.”

“ಮುಗಿದ ಮಾತರಿ ಅದು. ಮತ್ತ ಕೆದರಿದ್ರ ಮೊಕದ್ದಮೆ ಹಾಕಬಹುದು.”

“ಹಾಕಬಹುದು,” ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಆ ವಾರ ಕಾರ್ಖಾನೆಯಲ್ಲಿ ನನ್ನ ಕೈ ಕೆಲಸದಲ್ಲಿ ನಿಲ್ಲಲಿಲ್ಲ. ಒಂದು ಬೋಲ್ಟನ್ನು ಓರೆಯಾಗಿ ತಿರುಗಿಸಿ ಅದರ ಥ್ರೆಡ್ ಕೆಡಿಸಿದೆ, ಹದಿನೈದು ವರ್ಷದಲ್ಲಿ ಹಾಗೆ ಆಗಿರಲಿಲ್ಲ. ಗುರುವಾರ ಕೂತು ಕಚೇರಿಗೆ ಇನ್ನೊಂದು ಪತ್ರ ಬರೆದೆ: ಮೊದಲ ಪತ್ರ ನಾನಾಗಿ ಬರೆದದ್ದಲ್ಲ, ನನ್ನ ಹೆಂಡತಿಯ ತಾಯಿ ಎಂಟು ದಿನದ ಗಡುವು ಕೊಟ್ಟು ಎದುರಿಗೆ ಕೂತು ಬರೆಸಿದ್ದು, ಇಲ್ಲದಿದ್ದರೆ ಅದೇ ದಿನ ಕಲ್ಲನ್ನು ಬೇರೆಯವರಿಗೆ ಕೊಡುವವನಿದ್ದೆ. ರವಿವಾರ ಅದನ್ನು ಅವರ ಕೈಯಲ್ಲಿ ಕೊಟ್ಟೆ. ಪಟ್ಟಿ ಹಿಡಿಯಲು ಬೆರಳಲ್ಲಿ ಶಕ್ತಿ ಇರಲಿಲ್ಲ. ಹೆಂಡತಿ ಹಿಡಿದಳು. ಸಾಲು ಸಾಲಾಗಿ ಕೊನೆಯ ತನಕ ಓದಿದರು. ನಾನು ಮಂಚದ ಪಕ್ಕದಲ್ಲಿ ನಿಂತಿದ್ದೆ, ಒಂದು ಒಳ್ಳೆಯ ಮಾತು ಬಂದೀತೆಂದು.

“ತಾರೀಖ ಹಾಕಿಲ್ಲ,” ಎಂದು ಹಾಳೆ ಮರಳಿಸಿದರು.

ನನಗೆ ಅವರು ಹೇಳಿದ ಕೊನೆಯ ಮಾತು ಅದು. ಪತ್ರ ಹೋಯಿತು. ಕಡತಕ್ಕೆ ಸೇರಿಸಲಾಗಿದೆ, ಹಿಂದಿನ ನಿರ್ಣಯ ಬದಲಿಲ್ಲ ಎಂದು ಒಂದು ಸಾಲಿನ ಉತ್ತರ ಬಂದದ್ದು ಅವರು ತೀರಿಕೊಂಡ ಮೇಲೆ. ಆಮೇಲೆ ಎರಡು ಸಲ ಅರ್ಜಿ ಹಾಕಿದ್ದೇನೆ. ನನ್ನನ್ನು ಯಾವ ತಂಡಕ್ಕೂ ಕರೆದಿಲ್ಲ. ಕರೆಯಲಾರರು ಎಂದೇ ಅನಿಸುತ್ತದೆ.

ಗಂಡುಮಕ್ಕಳಿಲ್ಲದ ಮನೆ. ಮಣ್ಣು ಕೊಡುವ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ತೀರಿದವರ ಹೆಸರಿನಲ್ಲಿ ಊಟ ಹಾಕುವ ಶಿವಗಣಾರಾಧನೆಯ ದಿನ ಬಂದವರೆಲ್ಲ ಊಟ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದರು. ಅತ್ತೆಯವರ ತಮ್ಮ ನನ್ನ ಹೆಗಲ ಮೇಲೆ ಕೈ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

“ಬಾಯಿ ಅಷ್ಟs ಜೋರು. ಒಳಗ ನಮ್ಮ ಅಕ್ಕಗ ನಿಮ್ಮ ಮ್ಯಾಲೆ ಭಾಳ ಜೀವ ಇತ್ತು.”

ಕೂತವರು ಹೌದು ಹೌದು ಎಂದು ತಲೆಯಾಡಿಸಿದರು. ಅಂಥ ದಿನ ಎಲ್ಲರೂ ಆಡುವ ಮಾತು. ನಾನೂ ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

“ಇಲ್ರಿ ಮಾವಾರ,” ಅಂದೆ. “ಅವರಿಗೆ ನಾನು ಸೇರತಿರಲಿಲ್ಲ. ನನಗೂ ಅವರು ಸೇರತಿರಲಿಲ್ಲ. ಆದ್ರ ಆ ಕಲ್ಲಿನ ಪತ್ರ ನಾನಾಗೇ ಬರದದ್ದಲ್ಲ. ಅವರು ಬರಸಿದ್ದು. ನಾನು ಇವತ್ತ ನಿಮ್ಮ ಮುಂದ ಜೈಲಿಗೆ ಹೋಗದ ಕುಂತೇನಿ ಅಂದ್ರ ಅದಕ್ಕ ಅವರs ಕಾರಣ.”

ಮಾವ ಹೆಗಲ ಮೇಲಿನ ಕೈ ತೆಗೆದರು. ಒಳಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ಮೂರು ದಿನದಿಂದ ಯಾರ ಮುಖವನ್ನೂ ನೇರ ನೋಡದಿದ್ದವಳು ನನ್ನನ್ನು ನೋಡಿದಳು, ಹೌದೆಂದು ತಲೆಯಾಡಿಸಿ, ಒಂದು ಲೋಟ ನೀರು ತಂದು ನನ್ನ ಕೈಗೆ ಕೊಟ್ಟಳು.